ಟ್ರ್ಯಾಕ್ಟರ್ ಕೂರಿಗೆ: ಹೊಲದಾಗೂ ರಸ್ತೆ ಮ್ಯಾಲೂ ಕೈಕಾಲು ಉಳಿಸಿಕೊಳ್ಳುವ ಪಾಠ



ಈ ವಾರ ತಳಿ, ಗೊಬ್ಬರ, ಕೀಟದ ಮಾತಿಲ್ಲ. ಬಿತ್ತನೆ ಸಾಮಾನಿನ ಮಾತು. ಓದುವುದಕ್ಕೆ ಹತ್ತು ನಿಮಿಷ ಬೇಕು. ಕೊನೆಯಲ್ಲಿ ಒಂದು ಪಟ್ಟಿ ಇದೆ, ಅದರ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಮೊದಲು ನನ್ನ ಎಡಗಾಲಿನ ಕಥೆ ಹೇಳುತ್ತೇನೆ. ಆ ಕಾಲಿನಲ್ಲಿ ಈಗ ಮೂರೇ ಬೆರಳು.

ನಾಲ್ಕು ಎಕರೆ ಉಳಿದಿತ್ತು

ನಮ್ಮದು ನವಲಗುಂದ ತಾಲೂಕಿನ ಎರಿ ಹೊಲ. ಆರು ವರ್ಷದ ಹಿಂದಿನ ಹಿಂಗಾರಿ. ಹಸ್ತ ಮಳೆ ಚಲೋ ಆಗಿ ಹೊಲ ಹದಕ್ಕೆ ಬಂದಿತ್ತು. ಹದಿನಾಲ್ಕು ಎಕರೆ ಕಡಲೆ ಬಿತ್ತಬೇಕು. ಹತ್ತು ಎಕರೆ ಮುಗಿದಿತ್ತು, ನಾಲ್ಕು ಉಳಿದಿತ್ತು. ಮೂಡಣ ದಿಕ್ಕಿಗೆ ಮೋಡ ಕಟ್ಟಿತ್ತು. ಇನ್ನೊಂದು ಮಳೆ ಬಿದ್ದರೆ ವಾರಗಟ್ಟಲೆ ಹೊಲಕ್ಕೆ ಕಾಲಿಡಲು ಆಗುವುದಿಲ್ಲ. ಮಳೆ ಬರದೆ ಬಿಸಿಲು ಬಿದ್ದರೆ ಮೇಲಿನ ಹಸಿ ಆರಿಹೋಗುತ್ತದೆ. ಎರಿ ಹೊಲದವರಿಗೆ ಈ ಅವಸರ ಹೇಳಿಕೊಡಬೇಕಾಗಿಲ್ಲ.

ಹೊಲದ ತಗ್ಗಿನ ಮೂಲೆಯಲ್ಲಿ ಹಸಿ ಜಾಸ್ತಿ ಇತ್ತು. ಕೂರಿಗೆಯ ಎರಡು ತಾಳಿಗೆ ಮಣ್ಣು ಮೆತ್ತಿ ಬೀಜದ ಪೈಪು ಕಟ್ಟಿಕೊಂಡವು. ನಾನು ಕೂರಿಗೆ ಎತ್ತಿಸಿದೆ. ಎಂಜಿನ್ ಹಾಗೇ ಓಡುತ್ತಿತ್ತು. ಸೀಟಿನ ಮೇಲೆ ನಮ್ಮ ಕಾಕಾನ ಮಗ. ಅವನಿಗೆ ಆಗ ಹದಿನೇಳು ವರ್ಷ. "ಏ ತಮ್ಮಾ, ಹಂಗ ಕುಂದ್ರು, ಎರಡು ನಿಮಿಷದಾಗ ತಗಿತೀನಿ" ಅಂದೆ. ಚಪ್ಪಲಿಗೆ ಮಣ್ಣು ಅಂಟುತ್ತದೆ ಅಂತ ಬೆಳಿಗ್ಗೆಯೇ ಬದುವಿನ ಮೇಲೆ ಬಿಟ್ಟಿದ್ದೆ. ಬರಿಗಾಲಲ್ಲಿ ಕೂರಿಗೆಯ ಕೆಳಗೆ ಕಾಲಿಟ್ಟು, ಬಾಗಿ, ಕಡ್ಡಿಯಿಂದ ಪೈಪಿನ ಬಾಯಿ ಕೆದರುತ್ತಿದ್ದೆ.

ಅವನು ಹಿಂದೆ ತಿರುಗಿ ನೋಡಲು ಹೋದ. ಮೊಣಕೈ ಲಿಫ್ಟಿನ ಹಿಡಿಕೆಗೆ ಬಡಿಯಿತು. ಅಷ್ಟೇ. ಕೂರಿಗೆ ಕೆಳಗೆ ಬಿತ್ತು. ಒಂದು ತಾಳು ನನ್ನ ಪಾದದ ಮೇಲೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಎರಡು ಬೆರಳು ಹೋದವು. ನಾಲ್ಕು ಎಕರೆ ಆ ವರ್ಷ ಬೀಳು ಬಿತ್ತು. ಅದಕ್ಕಿಂತ ಹೆಚ್ಚಿನ ನಷ್ಟ ಬೇರೆಯದು. ಆ ಹುಡುಗ ಒಂದು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಊರಲ್ಲಿ ಎಲ್ಲರೂ "ಅವನ ಕೈಯಿಂದ ಆತು" ಅಂದರು. ನಾನು ಅವತ್ತಿನಿಂದ ಹೇಳುತ್ತಲೇ ಬಂದಿದ್ದೇನೆ: ಅವನ ಕೈಯಿಂದ ಆಗಲಿಲ್ಲ, ನನ್ನ ತಲೆಯಿಂದ ಆಯಿತು. ಎಂಜಿನ್ ಬಂದ್ ಮಾಡಿಸಲಿಲ್ಲ. ಕೂರಿಗೆಗೆ ಅಡಿಪಾಯ ಕೊಡಲಿಲ್ಲ. ಬರಿಗಾಲಲ್ಲಿ ಹೋದೆ. ಹದಿನೆಂಟು ತುಂಬದ ಹುಡುಗನನ್ನು ಸೀಟಿನ ಮೇಲೆ ಕೂರಿಸಿದೆ. ಈ ನಾಲ್ಕರಲ್ಲಿ ಒಂದನ್ನು ಸರಿ ಮಾಡಿದ್ದರೂ ಐದು ಬೆರಳು ಉಳಿಯುತ್ತಿದ್ದವು.

ಇನ್ನು ಪಾಠಕ್ಕೆ ಬರೋಣ.

ಎತ್ತಿನ ಕೂರಿಗೆ ಬೇರೆ, ಇದು ಬೇರೆ

ನಮ್ಮ ಅಜ್ಜನ ಕಾಲದಲ್ಲಿ ಮೂರು ತಾಳಿನ ಮರದ ಕೂರಿಗೆ. ಅಜ್ಜ ಎತ್ತು ಹೊಡೆದರೆ ಅಜ್ಜಿ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಏನಾದರೂ ಸಿಕ್ಕಿಕೊಂಡರೆ "ಹೋ" ಅಂದರೆ ಸಾಕು, ಎತ್ತು ನಿಲ್ಲುತ್ತಿದ್ದವು. ಟ್ರ್ಯಾಕ್ಟರಿಗೆ ಕಿವಿ ಇಲ್ಲ. ನೀವು ಹಿಂದಿನಿಂದ ಕೂಗಿದ್ದು ಡ್ರೈವರಿಗೂ ಕೇಳುವುದಿಲ್ಲ.

ಒಂಬತ್ತು ತಾಳಿನ ಕಬ್ಬಿಣದ ಕೂರಿಗೆ ಖಾಲಿ ಇದ್ದಾಗಲೇ ಸುಮಾರು ಎರಡೂವರೆ ಮೂರು ಕ್ವಿಂಟಲ್ ತೂಗುತ್ತದೆ. ಬೀಜ, ಗೊಬ್ಬರದ ಪೆಟ್ಟಿಗೆ ತುಂಬಿದರೆ ಅದರ ಮೇಲೆ ಇನ್ನೊಂದು ಕ್ವಿಂಟಲ್ ಹತ್ತಿರ. ಇಷ್ಟೂ ಭಾರ ಟ್ರ್ಯಾಕ್ಟರಿನ ಹಿಂದೆ ಮೂರು ಕಡೆ ತೂಗುಬಿದ್ದಿರುತ್ತದೆ: ಕೆಳಗಿನ ಎರಡು ಲೋವರ್ ಲಿಂಕ್, ಮೇಲಿನ ಒಂದು ಟಾಪ್ ಲಿಂಕ್. ಅದನ್ನು ಗಾಳಿಯಲ್ಲಿ ಹಿಡಿದಿರುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ ಮಾತ್ರ. ಹಿಡಿಕೆಗೆ ಕೈ ತಾಗಿದರೂ, ಪೈಪು ಒಡೆದರೂ, ಸೀಲು ಸವೆದಿದ್ದರೂ ಕೂರಿಗೆ ಕೆಳಗೆ ಬರುತ್ತದೆ. ಕೆಲವು ಹಳೆ ಟ್ರ್ಯಾಕ್ಟರಿನಲ್ಲಿ ಎಂಜಿನ್ ಬಂದ್ ಮಾಡಿದ ಮೇಲೆ ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ಆದ್ದರಿಂದ ಎತ್ತಿದ ಕೂರಿಗೆ ಅಂದರೆ ಬೀಳಲಿರುವ ಕೂರಿಗೆ ಅಂತಲೇ ತಿಳಿಯಿರಿ.

ಜೋಡಿಸುವಾಗ

ಕೈಬೆರಳು ಹೋಗುವ ಜಾಗ ಇದು. ಒಬ್ಬ ಟ್ರ್ಯಾಕ್ಟರ್ ಹಿಂದಕ್ಕೆ ತರುತ್ತಾನೆ, ಇನ್ನೊಬ್ಬ ಟ್ರ್ಯಾಕ್ಟರಿಗೂ ಕೂರಿಗೆಗೂ ನಡುವೆ ನಿಂತು "ಬಾ, ಬಾ, ಇನ್ನ ಸ್ವಲ್ಪ ಬಾ" ಅನ್ನುತ್ತಾನೆ. ಕ್ಲಚ್ ಮೇಲಿನ ಕಾಲು ಒಮ್ಮೆ ಜಾರಿದರೆ ಆ ನಡುವಿನವನಿಗೆ ಓಡಲು ಜಾಗವಿಲ್ಲ.

1. ಕೂರಿಗೆಯನ್ನು ಸಪಾಟು, ಗಟ್ಟಿ ನೆಲದ ಮೇಲೆ ಅದರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ.
2. ದಾರಿ ತೋರಿಸುವವನು ಪಕ್ಕಕ್ಕೆ, ಡ್ರೈವರಿಗೆ ಕಾಣುವಂತೆ ನಿಲ್ಲಲಿ. ನಡುವೆ ಯಾರೂ ಬೇಡ.
3. ಟ್ರ್ಯಾಕ್ಟರ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿ, ಆಮೇಲೆ ಇಳಿದು ಜೋಡಿಸಿರಿ.
4. ಮೊದಲು ಎಡಗಡೆಯ ಲೋವರ್ ಲಿಂಕ್, ನಂತರ ಬಲಗಡೆಯದು, ಕೊನೆಗೆ ಟಾಪ್ ಲಿಂಕ್. ಬಲಗಡೆಯ ಲಿಂಕ್ ಏರಿಸಿ ಇಳಿಸಲು ಹ್ಯಾಂಡಲ್ ಇರುವುದರಿಂದ ಈ ಕ್ರಮ ಸುಲಭ. ಬಿಚ್ಚುವಾಗ ಇದರ ಉಲ್ಟಾ.
5. ಪಿನ್ನಿನ ರಂಧ್ರ ಸರಿಯಾಗಿದೆಯೇ ಅಂತ ಬೆರಳು ಹಾಕಿ ನೋಡಬೇಡಿ. ಕಬ್ಬಿಣದ ಸರಳು ಬಳಸಿರಿ.
6. ಮೂರೂ ಕಡೆ ಲಿಂಚ್ ಪಿನ್ ಹಾಕಿರಿ. ನಮ್ಮ ಕಡೆ ಪಿನ್ ಕಳೆದರೆ ಮೊಳೆ, ತಂತಿ, ಗಿಡದ ಕಡ್ಡಿ ಸಿಕ್ಕಿಸುವ ರೂಢಿ ಇದೆ. ಅದು ಹೊಲದಲ್ಲಿ ಮುರಿದರೆ ಕೂರಿಗೆ ಒಂದು ಕಡೆ ವಾಲುತ್ತದೆ, ರಸ್ತೆಯಲ್ಲಿ ಮುರಿದರೆ ಹಿಂದೆ ಬರುವ ಬೈಕಿನವನ ಮೇಲೆ ಬೀಳುತ್ತದೆ. ಎರಡು ಪಿನ್ ಹೆಚ್ಚಿಗೆ ತಂದು ಟೂಲ್ ಬಾಕ್ಸಿನಲ್ಲಿ ಇಡಿರಿ.
7. ಲೋವರ್ ಲಿಂಕಿನ ಪಕ್ಕದ ಚೈನು ಬಿಗಿ ಮಾಡಿರಿ. ಸಡಿಲ ಬಿಟ್ಟರೆ ಎತ್ತಿದಾಗ ಕೂರಿಗೆ ಅತ್ತಿತ್ತ ಓಲಾಡಿ ಗಾಲಿಗೆ ಬಡಿಯುತ್ತದೆ.

ನಮ್ಮ ಸಾಮಾನ್ಯ ಕೂರಿಗೆಗೆ ಪಿಟಿಓ ಬೇಕಿಲ್ಲ. ಅದರ ಸ್ವಂತ ಗಾಲಿ ನೆಲಕ್ಕೆ ತಾಗಿ ತಿರುಗಿದಾಗಲೇ ಚೈನಿನ ಮೂಲಕ ಬೀಜ ಉದುರುತ್ತದೆ. ಹಾಗಾಗಿ ಪಿಟಿಓ ಬಂದ್ ಇರಲಿ, ಶಾಫ್ಟಿನ ಮೇಲಿನ ಮುಚ್ಚಳ ತೆಗೆಯಬೇಡಿ. ರೊಟವೇಟರ್ ಜೊತೆ ಬಿತ್ತುವ ಯಂತ್ರಕ್ಕೆ ಪಿಟಿಓ ಬೇಕು. ಅಲ್ಲಿ ಶಾಫ್ಟಿಗೆ ಕವರ್ ಇಲ್ಲದೆ ಹೊಲಕ್ಕೆ ಇಳಿಯಲೇಬೇಡಿ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಟವೆಲ್ಲು, ಸೀರೆಯ ಸೆರಗು, ಲುಂಗಿಯ ಚುಂಗು ಸಿಕ್ಕರೆ ಬಿಡಿಸಿಕೊಳ್ಳಲು ಯಾರಿಗೂ ಟೈಮ್ ಇರುವುದಿಲ್ಲ.

ಬೀಜದ ಅಳತೆ ಮಾಡುವಾಗ

ಬಿತ್ತುವ ಮೊದಲು ಎಕರೆಗೆ ಎಷ್ಟು ಬೀಜ ಬೀಳುತ್ತದೆ ಅಂತ ಮನೆಯ ಅಂಗಳದಲ್ಲೇ ನೋಡಿಕೊಳ್ಳಬೇಕು. ಇದರಿಂದ ಹೊಲದಲ್ಲಿ ಪದೇಪದೇ ಇಳಿದು ಕೈ ಹಾಕುವುದೂ ತಪ್ಪುತ್ತದೆ.

ಉದಾಹರಣೆಗೆ ನನ್ನ ಕೂರಿಗೆ: ಒಂಬತ್ತು ತಾಳು, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್. ಅಂದರೆ ಬಿತ್ತುವ ಅಗಲ 2.7 ಮೀಟರ್. ಕೂರಿಗೆಯ ಗಾಲಿಯ ಸುತ್ತ ಹಗ್ಗ ಹಿಡಿದು ಅಳೆದರೆ 1.25 ಮೀಟರ್. ಗಾಲಿ ಒಂದು ಸುತ್ತು ತಿರುಗಿದರೆ 2.7 × 1.25, ಅಂದರೆ ಸುಮಾರು 3.4 ಚದರ ಮೀಟರ್ ಬಿತ್ತಿದ ಹಾಗೆ. ಇಪ್ಪತ್ತು ಸುತ್ತಿಗೆ ಸುಮಾರು 67 ಚದರ ಮೀಟರ್. ಒಂದು ಎಕರೆ 4047 ಚದರ ಮೀಟರ್. ಅಂದರೆ ಇಪ್ಪತ್ತು ಸುತ್ತು ಎಕರೆಯ ಅರವತ್ತನೇ ಒಂದು ಭಾಗ. ಕಡಲೆ ಎಕರೆಗೆ 25 ಕಿಲೋ ಬೇಕು ಅಂದರೆ ಇಪ್ಪತ್ತು ಸುತ್ತಿಗೆ ಒಂಬತ್ತೂ ಪೈಪಿನಿಂದ ಸೇರಿ ಸುಮಾರು 417 ಗ್ರಾಂ ಬೀಳಬೇಕು, ಒಂದೊಂದು ಪೈಪಿಗೆ 46 ಗ್ರಾಂ ಆಸುಪಾಸು. ಯಾವುದಾದರೂ ಪೈಪಿನಲ್ಲಿ ತೀರ ಕಡಿಮೆ ಬಂದರೆ ಅದು ಕಟ್ಟಿದೆ ಅಂತ ಅಂಗಳದಲ್ಲೇ ಗೊತ್ತಾಗುತ್ತದೆ. ನಿಮ್ಮ ತಾಳು, ಸಾಲಿನ ಅಂತರ, ಗಾಲಿಯ ಅಳತೆ ಹಾಕಿ ನಿಮ್ಮ ಲೆಕ್ಕ ತೆಗೆಯಿರಿ.

ಇದನ್ನು ಮಾಡುವಾಗ ಗಾಲಿ ನೆಲ ಬಿಡಬೇಕು. ಬಹಳ ಜನ ಲಿಫ್ಟಿನಿಂದ ಎತ್ತಿ, ಹಾಗೇ ಗಾಳಿಯಲ್ಲಿಟ್ಟು ಕೆಳಗೆ ಕೂತು ಬೀಜ ಹಿಡಿಯುತ್ತಾರೆ. ಬೇಡ. ಎತ್ತಿದ ಮೇಲೆ ಫ್ರೇಮಿನ ಎರಡೂ ಕಡೆ ಗಟ್ಟಿ ಮರದ ದಿಮ್ಮಿ ಇಟ್ಟು, ಕೂರಿಗೆಯನ್ನು ಅದರ ಮೇಲೆ ಕೂರಿಸಿ, ಎಂಜಿನ್ ಬಂದ್ ಮಾಡಿ, ಚಾವಿ ತೆಗೆಯಿರಿ. ಇಟ್ಟಂಗಿ ಬೇಡ, ಒಡೆಯುತ್ತದೆ. ಗಾಲಿ ತಿರುಗಿಸುವವನು ಒಬ್ಬನೇ ಇರಲಿ, ಅವನು ಹೇಳುವವರೆಗೆ ಇನ್ನೊಬ್ಬ ಚೈನಿನ ಹತ್ತಿರ ಕೈ ಒಯ್ಯಬಾರದು. ಕೈಯಿಂದ ತಿರುಗಿಸಿದರೂ ಚೈನು ಮತ್ತು ಹಲ್ಲಿನ ಚಕ್ರದ ನಡುವೆ ಬೆರಳು ಸಿಕ್ಕರೆ ಉಗುರು ಸಮೇತ ಹೋಗುತ್ತದೆ.

ಬಿತ್ತುವಾಗ

*ಕೂರಿಗೆಯ ಮೇಲೆ ಯಾರೂ ಬೇಡ.* ನಮ್ಮ ಕಡೆ ಪೆಟ್ಟಿಗೆಯ ಹಿಂದಿನ ಹಲಗೆಯ ಮೇಲೆ ಒಬ್ಬ ನಿಂತು ಬೀಜ ಕೈಯಾಡಿಸುತ್ತ ಹೋಗುವುದು ರೂಢಿ. ಕೆಲವು ಕಡೆ ಹೆಣ್ಣುಮಕ್ಕಳನ್ನು ಹಲಗೆಯ ಮೇಲೆ ಕೂರಿಸಿ ಬಟ್ಟಲಿಗೆ ಬೀಜ ಬಿಡಿಸುತ್ತಾರೆ. ಒಡ್ಡು ದಾಟುವಾಗ ಒಂದು ಕುಲುಕು ಸಾಕು. ಹಿಂದಕ್ಕೆ ಬಿದ್ದರೆ ಪೆಟ್ಟು, ಮುಂದಕ್ಕೆ ಬಿದ್ದರೆ ತಾಳಿನ ಕೆಳಗೆ. ಬೀಜ ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡಬೇಕಾದರೆ ಒಬ್ಬ ಹಿಂದೆ ನಾಲ್ಕೈದು ಮೀಟರ್ ಅಂತರದಲ್ಲಿ ನಡೆದು ಬರಲಿ. ತಾಸಿಗೆ 3ರಿಂದ 5 ಕಿಲೋಮೀಟರ್ ವೇಗದಲ್ಲಿ ಬಿತ್ತಿದರೆ ನಡೆಯುವವನಿಗೆ ಜೊತೆಗೆ ಬರಲು ಆಗುತ್ತದೆ, ಬೀಜವೂ ಒಂದೇ ಸಮ ಬೀಳುತ್ತದೆ. ಅದಕ್ಕಿಂತ ಜೋರು ಓಡಿಸಿದರೆ ಗಾಲಿ ಜಿಗಿಯುತ್ತದೆ, ಸಾಲು ಖಾಲಿ ಉಳಿಯುತ್ತದೆ.

*ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ.* ನಮ್ಮಲ್ಲಿ ಕೈ ಎತ್ತಿದರೆ ನಿಲ್ಲು. ಕೈ ಕೆಳಗೆ ಬಡಿದರೆ ಕೂರಿಗೆ ಇಳಿಸು. ಡ್ರೈವರಿಗೆ ಹಿಂದಿನವನು ಕಾಣದಿದ್ದರೆ ನಿಲ್ಲಿಸಲೇಬೇಕು, ಹುಡುಕುತ್ತ ಮುಂದೆ ಹೋಗುವ ಹಾಗಿಲ್ಲ.

*ತಿರುವಿನಲ್ಲಿ ಎತ್ತಿ ತಿರುಗಿಸಿ.* ತಾಳು ನೆಲದಲ್ಲಿ ಇದ್ದಾಗ ತಿರುಗಿಸಿದರೆ ತಾಳು ಸೊಟ್ಟಗಾಗುತ್ತದೆ, ಲಿಂಕ್ ಮುರಿಯುತ್ತದೆ. ತಾಳು ನೆಲದಲ್ಲಿ ಇದ್ದಾಗ ರಿವರ್ಸ್ ತೆಗೆದರೆ ಪೈಪಿನ ಬಾಯಿಗೆ ಮಣ್ಣು ತುಂಬುತ್ತದೆ. ಅರ್ಧಕ್ಕರ್ಧ ಪೈಪು ಕಟ್ಟುವುದು ಹೀಗೇ. ಇಳಿಸುವಾಗಲೂ ಟ್ರ್ಯಾಕ್ಟರ್ ಮುಂದಕ್ಕೆ ಮೆಲ್ಲಗೆ ಸಾಗುತ್ತಿರುವಾಗಲೇ ಇಳಿಸಿರಿ. ಪೈಪು ಕಟ್ಟದಿದ್ದರೆ ಕೆಳಗೆ ಬಾಗುವ ಪ್ರಸಂಗವೇ ಬರುವುದಿಲ್ಲ.

*ಬಣ್ಣದ ಬೀಜಕ್ಕೆ ಬರಿಗೈ ಬೇಡ.* ಔಷಧಿ ಹಚ್ಚಿದ ಬೀಜವನ್ನು ರಬ್ಬರ್ ಕೈಚೀಲ ಹಾಕಿಕೊಂಡು ತುಂಬಿರಿ, ಮೂಗು ಬಾಯಿಗೆ ಬಟ್ಟೆ ಕಟ್ಟಿರಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿರಿ. ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ, ಎಲೆ ಅಡಿಕೆ ಹಾಕಬೇಡಿ. ಉಳಿದ ಬೀಜ ಮನೆಗೆ ತಂದು ಕಾಳಿನ ಚೀಲದ ಪಕ್ಕ ಇಡುವುದಂತೂ ಬೇಡವೇ ಬೇಡ. ನೋಡಿದವರು ಅಡುಗೆಗೆ ತೆಗೆದಾರು.

ಪೈಪು ಕಟ್ಟಿದರೆ: ಐದು ಹೆಜ್ಜೆ

ನನ್ನ ಬೆರಳು ಹೋದದ್ದು ಇಲ್ಲಿಯೇ. ಬಾಯಿಪಾಠ ಮಾಡಿಕೊಳ್ಳಿ.

1. ಸಪಾಟು ಜಾಗಕ್ಕೆ ತಂದು ಟ್ರ್ಯಾಕ್ಟರ್ ನಿಲ್ಲಿಸಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್.
2. ಪೈಪನ್ನು ಮೇಲಿನಿಂದ ಬಿಚ್ಚಿ ತೆಗೆಯಬಹುದಾದರೆ ಕೂರಿಗೆಯನ್ನು ನೆಲಕ್ಕೆ ಇಳಿಸಿಯೇ ಕೆಲಸ ಮಾಡಿರಿ. ನೆಲದ ಮೇಲಿರುವ ಕೂರಿಗೆ ಬೀಳುವುದಿಲ್ಲ.
3. ಕೆಳಗಿನಿಂದಲೇ ಕೆದರಬೇಕಾದರೆ ಎತ್ತಿ, ಫ್ರೇಮಿನ ಎರಡೂ ಕಡೆ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸಿರಿ. ಎರಡು ದಿಮ್ಮಿ ಯಾವಾಗಲೂ ಟ್ರ್ಯಾಕ್ಟರಿನಲ್ಲೇ ಇರಲಿ. ಹಸಿ ಎರಿಯಲ್ಲಿ ದಿಮ್ಮಿ ಹುಗಿಯುತ್ತದೆ, ಕೆಳಗೆ ಅಗಲ ಹಲಗೆ ಹಾಕಿರಿ ಅಥವಾ ಗಟ್ಟಿ ದಾರಿಗೆ ತಂದು ಮಾಡಿರಿ.
4. ಎಂಜಿನ್ ಬಂದ್. ಚಾವಿ ತೆಗೆದು, ಕೆಳಗೆ ಹೋಗುವವನ ಕಿಸೆಯಲ್ಲಿ. ಡ್ರೈವರಿನ ಕಿಸೆಯಲ್ಲಿ ಅಲ್ಲ.
5. ಸೀಟಿನ ಮೇಲೆ ಯಾರೂ ಇರಬಾರದು. ಕಾಲಿಗೆ ಬೂಟು, ಕೈಯಲ್ಲಿ ಉದ್ದನೆ ಕಡ್ಡಿ. ಪಾದ ತಾಳಿನ ನೇರ ಕೆಳಗೆ ಬೇಡ.

ಬಹಳ ಟ್ರ್ಯಾಕ್ಟರುಗಳಲ್ಲಿ ಸೀಟಿನ ಕೆಳಗೆ ಅಥವಾ ಮುಂದೆ ಲಿಫ್ಟ್ ಇಳಿಯುವ ವೇಗದ ಒಂದು ನಾಬ್ ಇರುತ್ತದೆ. ಕೆಲವದರಲ್ಲಿ ಅದನ್ನು ಪೂರ್ತಿ ಬಿಗಿ ಮಾಡಿದರೆ ಹಿಡಿಕೆ ತಾಗಿದರೂ ಲಿಫ್ಟ್ ಇಳಿಯುವುದಿಲ್ಲ. ನಿಮ್ಮ ಟ್ರ್ಯಾಕ್ಟರಿನ ಪುಸ್ತಕ ತೆರೆದು ನೋಡಿರಿ, ಇಲ್ಲವೇ ಶೋರೂಮಿನ ಮೆಕ್ಯಾನಿಕ್‌ಗೆ ಕೇಳಿ. ಅದು ದಿಮ್ಮಿಯ ಜೊತೆಗೆ ಇರುವ ಇನ್ನೊಂದು ಕಾವಲು, ದಿಮ್ಮಿಗೆ ಬದಲಿ ಅಲ್ಲ.

ಈ ಐದು ಹೆಜ್ಜೆಗೆ ನಾನು ಗಡಿಯಾರ ಹಿಡಿದು ನೋಡಿದ್ದೇನೆ. ನಾಲ್ಕು ನಿಮಿಷ. ಅವತ್ತು ನಾನು ಉಳಿಸಲು ಹೋದದ್ದು ಈ ನಾಲ್ಕು ನಿಮಿಷವನ್ನೇ.

ಎರಿಯಲ್ಲಿ ಗಾಲಿ ಹುಗಿದರೆ

ಗಾಲಿ ತಿರುಗಿ ತಿರುಗಿ ಕೆಳಗಿಳಿಯುತ್ತದೆ. ಆಗ ಯಾರೋ ಒಬ್ಬರು "ಮುಂದ ಒಂದು ಕಟ್ಟಿಗಿ ಕೊಡ್ರಿ, ಹತ್ತತದ" ಅನ್ನುತ್ತಾರೆ. ಹಿಂದಿನ ದೊಡ್ಡ ಗಾಲಿಗೆ ಕಟ್ಟಿಗೆ ಸಿಕ್ಕಿಸಿದಾಗ ಗಾಲಿ ತಿರುಗಲು ಆಗದಿದ್ದರೆ, ಎಂಜಿನ್ನಿನ ಬಲಕ್ಕೆ ಟ್ರ್ಯಾಕ್ಟರೇ ಗಾಲಿಯ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಮೇಲೇಳುತ್ತದೆ, ಒಂದೆರಡು ಸೆಕೆಂಡಿನಲ್ಲಿ ಹಿಂದಕ್ಕೆ ಮಗುಚುತ್ತದೆ. ಡ್ರೈವರ್ ಅಡಿಯಲ್ಲಿ.

ಮೊದಲು ಕೂರಿಗೆಯ ಪೆಟ್ಟಿಗೆ ಖಾಲಿ ಮಾಡಿ, ಸಾಧ್ಯವಾದರೆ ಕೂರಿಗೆ ಬಿಚ್ಚಿರಿ. ಗಾಲಿಯ ಹಿಂದಿನ ಮಣ್ಣು ತೋಡಿ, ಬಂದ ದಾರಿಯಲ್ಲೇ ರಿವರ್ಸ್ ತೆಗೆಯಲು ನೋಡಿರಿ. ಆಗಲಿಲ್ಲವೆಂದರೆ ಇನ್ನೊಂದು ಟ್ರ್ಯಾಕ್ಟರ್ ತರಿಸಿ. ಎಳೆಯುವ ಟ್ರ್ಯಾಕ್ಟರಿಗೆ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು. ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದರೆ ಅದೂ ಮಗುಚುತ್ತದೆ. ಎಳೆಯುವಾಗ ಸರಪಳಿಯ ಅಕ್ಕಪಕ್ಕ ಯಾರೂ ನಿಲ್ಲಬಾರದು.

ಕಲಘಟಗಿ ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ಕೂರಿಗೆ ಭತ್ತ, ಸೋಯಾ, ಗೋವಿನಜೋಳದ ಹೊಲ ಏರಿಳಿತದ್ದು. ಹಿಂದೆ ಭಾರ ತೂಗುತ್ತಿರುವಾಗ ಕಡಿದಾದ ಏರಿಗೆ ನೇರ ಮುಂದಕ್ಕೆ ಹತ್ತಿಸಬೇಡಿ, ಮೂತಿ ಹಗುರಾಗುತ್ತದೆ. ಬಳಸು ದಾರಿ ಹಿಡಿಯಿರಿ. ಬೇರೆ ದಾರಿಯೇ ಇಲ್ಲದಿದ್ದರೆ ರಿವರ್ಸಿನಲ್ಲಿ ನಿಧಾನಕ್ಕೆ ಹತ್ತಿಸಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಚಟ ಇದ್ದರೆ ಇವತ್ತೇ ಬಿಡಿ.

ರಸ್ತೆಗೆ ಇಳಿಯುವ ಮುನ್ನ

ಒಂದು ಲೆಕ್ಕ ನೋಡಿರಿ. ನಮ್ಮ ಹಳ್ಳಿ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಒಂಬತ್ತು ತಾಳಿನ ಕೂರಿಗೆಯ ಅಗಲ ಎರಡೂವರೆ ಮೀಟರಿಗಿಂತ ಜಾಸ್ತಿ. ನೀವು ಎಡಕ್ಕೆ ಪೂರ್ತಿ ಒತ್ತಿ ಹೋದರೂ ಎದುರಿನವನಿಗೆ ಉಳಿಯುವುದು ಒಂದು ಮೀಟರ್ ಚಿಲ್ಲರೆ. ರಾತ್ರಿ ಎದುರಿನವನಿಗೆ ಕಾಣುವುದು ನಿಮ್ಮ ಟ್ರ್ಯಾಕ್ಟರಿನ ಎರಡು ದೀಪ ಮಾತ್ರ. ದೀಪದ ಆಚೆ ಎರಡೂ ಕಡೆ ಚಾಚಿರುವ ಕಬ್ಬಿಣ ಅವನಿಗೆ ಕಾಣುವುದಿಲ್ಲ. ಟ್ರ್ಯಾಕ್ಟರ್ ಪಾಸಾಯಿತು ಅಂದುಕೊಂಡು ಬೈಕು ಒಳಕ್ಕೆ ತಿರುಗಿಸುತ್ತಾನೆ, ಕೂರಿಗೆಯ ಮೂಲೆ ಮೊಣಕಾಲಿಗೆ ಬಡಿಯುತ್ತದೆ.

ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ಅಣ್ಣಿಗೇರಿ ದಾಟಿದವರಿಗೆ, ಹುಬ್ಬಳ್ಳಿ–ನವಲಗುಂದ ರಸ್ತೆಯಲ್ಲಿ ಓಡಾಡಿದವರಿಗೆ ಲಾರಿಗಳ ವೇಗ ಗೊತ್ತು. ಹಾಗಾಗಿ:

– ಪೆಟ್ಟಿಗೆಯಲ್ಲಿನ ಬೀಜ, ಗೊಬ್ಬರ ಚೀಲಕ್ಕೆ ತುಂಬಿ, ಕೂರಿಗೆ ಖಾಲಿ ಮಾಡಿ. ಹಿಂದೆ ಭಾರ ಜಾಸ್ತಿಯಾದರೆ ಮುಂದಿನ ಗಾಲಿ ನೆಲ ಹಿಡಿಯುವುದಿಲ್ಲ, ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಸ್ಟೇರಿಂಗ್ ಹಗುರ ಅನ್ನಿಸಿದರೆ ಮುಂದೆ ವೇಟ್ ಹಾಕಿಸಿ.
– ಎರಡೂ ಬ್ರೇಕ್ ಪೆಡಲನ್ನು ಲಾಕ್ ಹಾಕಿ ಜೋಡಿಸಿ. ಹೊಲದಲ್ಲಿ ಒಂದೇ ಕಡೆ ಬ್ರೇಕ್ ಹಿಡಿದು ತಿರುಗಿಸಿದ್ದು ಮರೆತು, ರಸ್ತೆಯಲ್ಲೂ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಗಿರ್ರನೆ ತಿರುಗಿ ಮಗುಚುತ್ತದೆ.
– ಕೂರಿಗೆಯನ್ನು ಸಾಕಷ್ಟು ಎತ್ತಿ, ಲಿಫ್ಟಿನ ಹಿಡಿಕೆಗೆ ಲಾಕ್ ಇದ್ದರೆ ಹಾಕಿ. ಸ್ಪೀಡ್ ಬ್ರೇಕರ್ ಬಂದಾಗ ಪೂರ್ತಿ ನಿಧಾನ ಮಾಡಿ.
– ಕೂರಿಗೆಯ ಹಿಂದೆ ಎರಡೂ ತುದಿಗೆ ಕೆಂಪು ರೇಡಿಯಂ, ಮುಂದಿನ ಕಡೆ ಎರಡೂ ತುದಿಗೆ ಬಿಳಿ ರೇಡಿಯಂ ಅಂಟಿಸಿ. ಅಂಟಿಸುವ ಮೊದಲು ಎಣ್ಣೆ, ಮಣ್ಣು ಒರೆಸಿ. ಎತ್ತಿದ ಕೂರಿಗೆ ಟ್ರ್ಯಾಕ್ಟರಿನ ಹಿಂದಿನ ಕೆಂಪು ದೀಪ ಮುಚ್ಚಿಬಿಡುತ್ತದೆ. ಆದ್ದರಿಂದ ಕೂರಿಗೆಗೇ ಒಂದು ಕೆಂಪು ದೀಪ ಕಟ್ಟಿ.
– ರಾತ್ರಿ ಬಿತ್ತಲು ಹಿಂದೆ ಹಾಕಿಕೊಂಡ ಬಿಳಿ ಲೈಟನ್ನು ರಸ್ತೆಗೆ ಬಂದ ಕೂಡಲೇ ಆರಿಸಿ. ಹಿಂದೆ ಬರುವವನ ಕಣ್ಣು ಕುಕ್ಕುತ್ತದೆ, ಎದುರಿನಿಂದ ಗಾಡಿ ಬರುತ್ತಿದೆ ಅಂತ ತಪ್ಪು ತಿಳಿಯುತ್ತಾನೆ.
– ವೇಗ ತಾಸಿಗೆ 15–20 ಕಿಲೋಮೀಟರ್ ಸಾಕು. 20ರಲ್ಲಿ ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತೀರಿ, 30ರಲ್ಲಿ ಎಂಟು ಮೀಟರಿಗೂ ಹೆಚ್ಚು. ಬ್ರೇಕ್ ತುಳಿಯಬೇಕು ಅಂತ ತಲೆಗೆ ಹೊಳೆಯುವಷ್ಟರಲ್ಲೇ ಆ ದೂರ ಮುಗಿದಿರುತ್ತದೆ.
– ತಿರುವಿನಲ್ಲಿ ಕೂರಿಗೆಯ ಹೊರ ತುದಿ ನೀವು ತಿರುಗುವ ದಿಕ್ಕಿನ ವಿರುದ್ಧಕ್ಕೆ ಬೀಸುತ್ತದೆ. ಬಲಕ್ಕೆ ತಿರುಗಿದರೆ ಎಡಗಡೆ ನಿಂತವನಿಗೆ ಬಡಿಯುತ್ತದೆ. ಬಸ್ ಸ್ಟ್ಯಾಂಡ್, ಸಂತೆ, ಸಾಲಿ ಮುಂದೆ ಇದು ನೆನಪಿರಲಿ.
– ಮಡ್‌ಗಾರ್ಡ್ ಮೇಲೆ, ಕೂರಿಗೆ ಮೇಲೆ ಯಾರನ್ನೂ ಕೂರಿಸಬೇಡಿ. ಬಿತ್ತಿ ದಣಿದ ಹೆಣ್ಣುಮಕ್ಕಳನ್ನು "ಬರ್ರಿ ಯವ್ವಾ, ಹತ್ರಿ" ಅನ್ನುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿ ಅವರನ್ನು ಟಂಟಂ ಹತ್ತಿಸಿ ತೋರಿಸಿ.
– ಕಾಲುವೆ ದಂಡೆಯ ದಾರಿಯಲ್ಲಿ ಅಂಚಿಗೆ ಹೋಗಬೇಡಿ, ಮಳೆಗಾಲದಲ್ಲಿ ಅಂಚು ಕುಸಿಯುತ್ತದೆ. ಬೆಣ್ಣಿಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ "ಟ್ರ್ಯಾಕ್ಟರ್ ಎತ್ತರ ಐತಿ" ಅಂತ ದಾಟಬೇಡಿ.

ಬೇರೆ ಊರಿಗೆ ಬಾಡಿಗೆಗೆ ಹೋಗುವವರು ಸಾಧ್ಯವಾದರೆ ಕೂರಿಗೆಯನ್ನು ಟ್ರ್ಯಾಲಿಯಲ್ಲಿ ಇಟ್ಟು, ನಾಲ್ಕೂ ಕಡೆ ಸರಪಳಿ ಬಿಗಿದು ಒಯ್ಯಿರಿ. ಟ್ರ್ಯಾಲಿಯಲ್ಲಿ ಕೂರಿಗೆಯ ಜೊತೆ ಮನುಷ್ಯರು ಬೇಡ.

ಹದಿನೆಂಟು ತುಂಬದ ತಮ್ಮಂದಿರಿಗೆ, ಅವರ ಅಣ್ಣಂದಿರಿಗೆ

ಲೈಸೆನ್ಸ್ ಇಲ್ಲದೆ ರಸ್ತೆಗೆ ಟ್ರ್ಯಾಕ್ಟರ್ ಇಳಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಬೀಳಬಹುದು. ಆದರೆ ನಾನು ಹೇಳುವುದು ದಂಡದ ಮಾತಲ್ಲ. ಹುಡುಗನ ಕೈಯಲ್ಲಿ ಸ್ಟೇರಿಂಗ್ ಕೊಟ್ಟಾಗ, ಏನಾದರೂ ಆದರೆ ಅದರ ಭಾರವನ್ನೂ ಅವನ ತಲೆಗೆ ಕೊಟ್ಟಿರುತ್ತೇವೆ. ನನ್ನ ತಮ್ಮ ಅದನ್ನು ಹೊತ್ತಿದ್ದಾನೆ.

ನಿದ್ದೆಯದೂ ಅಷ್ಟೇ. ಹದ ಸಿಕ್ಕಾಗ ಬಾಡಿಗೆ ಟ್ರ್ಯಾಕ್ಟರಿನವರು ಹಗಲೂ ರಾತ್ರಿ ಓಡಿಸುತ್ತಾರೆ. ಇಬ್ಬರು ಡ್ರೈವರ್ ಇದ್ದರೆ ಪಾಳಿ ಹಾಕಿಕೊಳ್ಳಿ. ಒಬ್ಬನೇ ಇದ್ದರೆ ಸಾಲು ಸೊಟ್ಟ ಬೀಳಲು ಶುರುವಾದಾಗ ನಿಲ್ಲಿಸಿ. ಮಣ್ಣು ತಪ್ಪು ಮಾಡುವುದಿಲ್ಲ, ಕಣ್ಣು ಮುಚ್ಚುತ್ತಿದೆ ಅಂತ ಅರ್ಥ.

ಅಪಘಾತವಾದರೆ

1. ಕಾಲು, ಕೈ ಕೆಳಗೆ ಸಿಕ್ಕಿದ್ದರೆ ಟ್ರ್ಯಾಕ್ಟರನ್ನು ಮುಂದೆ ಹಿಂದೆ ಸರಿಸಬೇಡಿ. ಲಿಫ್ಟ್ ನೇರ ಮೇಲೆತ್ತಿ, ದಿಮ್ಮಿ ಕೊಟ್ಟು ಬಿಡಿಸಿ.
2. ರಕ್ತ ಬರುವ ಜಾಗಕ್ಕೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ. ಅರಿಷಿಣ, ಚಹಾಪುಡಿ, ಮಣ್ಣು ಹಾಕಬೇಡಿ.
3. ಬೆರಳು ತುಂಡಾಗಿದ್ದರೆ ಹಸಿ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಬರ್ಫಿನ ನೀರಿನಲ್ಲಿ ಇಟ್ಟು ಒಯ್ಯಿರಿ. ಬೆರಳನ್ನು ನೇರ ಬರ್ಫಿನ ಮೇಲೆ ಇಡಬೇಡಿ.
4. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಹೊಲಕ್ಕೆ ವಿಳಾಸ ಇರುವುದಿಲ್ಲ, ಎರಿ ಹೊಲದೊಳಗೆ ಆಂಬುಲೆನ್ಸ್ ಬರುವುದೂ ಇಲ್ಲ. ಊರಿನ ಒಬ್ಬರಿಗೆ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಡಾಂಬರು ರಸ್ತೆಯ ಮೇಲೆ ನಿಲ್ಲಲು ಹೇಳಿ. ಬೆನ್ನು, ಕುತ್ತಿಗೆಗೆ ಪೆಟ್ಟಿಲ್ಲದಿದ್ದರೆ ಗಾಯಗೊಂಡವರನ್ನು ರಸ್ತೆಯವರೆಗೆ ತನ್ನಿ.
5. ಸಣ್ಣ ಗಾಯವಾದರೂ ಧನುರ್ವಾಯು ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ.

ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಬೆರಳಿಗೆ ಏನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯೋಜನೆಯ ವರ್ಷ ಜೂನ್ 1ರಿಂದ ಶುರು, ಮುಂಗಾರಿ ಬಿತ್ತನೆಯ ಹೊತ್ತಿಗೇ. ಮೇ ಕೊನೆಗೆ ಖಾತೆಯಲ್ಲಿ ದುಡ್ಡು ಇರಲಿ.

ಸ್ಕ್ರೀನ್‌ಶಾಟ್ ತೆಗೆಯಿರಿ

ಹೊಲಕ್ಕೆ ಹೋಗುವ ಮುನ್ನ: ಮೂರು ಲಿಂಚ್ ಪಿನ್, ಪಕ್ಕದ ಚೈನು ಬಿಗಿ, ಚೈನ್ ಕವರ್, ಎರಡು ದಿಮ್ಮಿ, ಬೂಟು, ಕೈಚೀಲ.
ಕೂರಿಗೆಗೆ ಕೈ ಹಾಕುವ ಮುನ್ನ: ನಿಲ್ಲಿಸು, ಬ್ರೇಕ್, ಇಳಿಸು ಅಥವಾ ದಿಮ್ಮಿ ಕೊಡು, ಎಂಜಿನ್ ಬಂದ್, ಚಾವಿ ನನ್ನ ಕಿಸೆಯಲ್ಲಿ, ಸೀಟು ಖಾಲಿ.
ರಸ್ತೆಗೆ ಬರುವ ಮುನ್ನ: ಪೆಟ್ಟಿಗೆ ಖಾಲಿ, ಬ್ರೇಕ್ ಪೆಡಲ್ ಜೋಡಿ, ಕೂರಿಗೆ ಎತ್ತಿ ಲಾಕ್, ರೇಡಿಯಂ ಒರೆಸು, ಕೆಂಪು ದೀಪ ಹಚ್ಚು, ಹಿಂದಿನ ಬಿಳಿ ಲೈಟ್ ಆರಿಸು, ಮೇಲೆ ಯಾರೂ ಇಲ್ಲ.

ಬಿತ್ತನೆಗೆ ಮೊದಲು ನಮ್ಮ ಮನೆಗಳಲ್ಲಿ ಕೂರಿಗೆ ಪೂಜೆ ಮಾಡುತ್ತೇವೆ. ಅರಿಷಿಣ ಕುಂಕುಮ ಹಚ್ಚಲು ಹೇಗೂ ಸುತ್ತ ಬಗ್ಗಿ ನೋಡುತ್ತೇವಲ್ಲ, ಆಗಲೇ ಪಿನ್ನು, ಚೈನು, ನಟ್ಟು ಬೋಲ್ಟು ಮುಟ್ಟಿ ನೋಡಿಬಿಡಿ. ನಮ್ಮವ್ವ ಈಗ ಕಾಯಿ ಒಡೆಯುವ ಮೊದಲು ಕೇಳುತ್ತಾಳೆ, "ಪಿನ್ನಾ ನೋಡಿದ್ರಿಲ್ಲೋ?"

ತಮ್ಮನಿಗೆ ಈಗ ಇಪ್ಪತ್ಮೂರು. ಲೈಸೆನ್ಸ್ ಇದೆ, ನಮ್ಮ ಟ್ರ್ಯಾಕ್ಟರ್ ಅವನೇ ಓಡಿಸುತ್ತಾನೆ. ಆ ದಿನದ ಬಗ್ಗೆ ನಾವಿಬ್ಬರೂ ಇವತ್ತಿಗೂ ಮಾತಾಡಿಲ್ಲ. ಹೋದ ಹಿಂಗಾರಿಯಲ್ಲಿ ಮತ್ತೆ ಅದೇ ತಗ್ಗಿನ ಮೂಲೆಯಲ್ಲಿ ಪೈಪು ಕಟ್ಟಿತು. ಅವನು ಎಂಜಿನ್ ಬಂದ್ ಮಾಡಿ, ಇಳಿದು, ದಿಮ್ಮಿ ಕೊಟ್ಟು, ಚಾವಿಯನ್ನು ನನ್ನ ಕೈಗಿಟ್ಟ. "ಅಣ್ಣಾ, ನೀ ಹಿಡಿ. ಕೆಳಗ ನಾ ಹೋಗ್ತೀನಿ" ಅಂದ.

"ಕೆಳಗ ಹೋಗಾವನ ಕಿಸೇದಾಗ ಇರಬೇಕೋ ಚಾವಿ" ಅಂತ ಅವನ ಅಂಗಿಯ ಕಿಸೆಗೇ ಹಾಕಿದೆ.

ನಿಮ್ಮ ಊರಿನ ಟ್ರ್ಯಾಕ್ಟರ್ ಓಡಿಸುವ ಒಬ್ಬ ಹುಡುಗನಿಗಾದರೂ ಈ ಪಾಠ ಓದಿ ಹೇಳಿ. ಮುಂದಿನ ವಾರ ಸಿಗೋಣ.